ಬೂರುಗದ ಹಿಂದಿನ ಮಾಳಿಗೆ

ನಮ್ಮ ಮನೆಯ ದುರ್ಬೀನು ಈಗ ಅಡುಗೆಮನೆಯ ಗೋಡೆಯಲ್ಲಿ, ಹಿಟ್ಟಿನ ಜರಡಿಯ ಪಕ್ಕದ ಮೊಳೆಗೆ ನೇತಾಡುತ್ತದೆ. ಕೊರಳಿಗೆ ಹಾಕಿಕೊಳ್ಳುವ ಅದರ ಪಟ್ಟಿಗೆ ಒಗ್ಗರಣೆಯ ವಾಸನೆ ಹತ್ತಿದೆ. ಗಾಜಿನ ಅಂಚಿನಲ್ಲಿ ಜೋಳದ ಹಿಟ್ಟು ಕೂತಿರುತ್ತದೆ. ನಾನು ಮೆತ್ತನೆಯ ಬಟ್ಟೆಯಿಂದ ಒರೆಸಿಡುತ್ತೇನೆ. ರೊಟ್ಟಿ ಬಡಿಯುವ ಹೊತ್ತಿಗೆ ಹಿಟ್ಟು ಮತ್ತೆ ಬಂದು ಕೂರುತ್ತದೆ. ನನ್ನ ಕಪಾಟಿನಲ್ಲಿ, ತನ್ನದೇ ಕರಿಯ ಚೀಲದೊಳಗೆ, ಯಾರ ಕಣ್ಣಿಗೂ ಬೀಳದಂತೆ ಇರಬೇಕಾಗಿದ್ದ ವಸ್ತು ಅದು. ಯಾರ ಕಣ್ಣಿಗೂ ಬೀಳದಂತೆ ಇರುವುದು ನನಗೂ ಇಷ್ಟ. ಹಾಗಾಗಿ ನಾವಿಬ್ಬರೂ ಬಹಳ ದಿನ ಚೆನ್ನಾಗಿ ಹೊಂದಿಕೊಂಡಿದ್ದೆವು.

ಅದನ್ನು ಕೊಂಡದ್ದು ನನ್ನ ಮೊದಲ ಸಂಬಳದಲ್ಲಿ. ಕಲಬುರಗಿಯಲ್ಲಿ ಗಣಿತ ಓದಿ ಬಂದು, ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮೂರು ಉಮರ್ಗಾದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದೆ. ಮೊದಲ ಸಂಬಳದಲ್ಲಿ ಮಗಳು ಸೀರೆ ತರುತ್ತಾಳೆ ಎಂದು ಅವ್ವ ಅಂದುಕೊಂಡಿದ್ದಳು. ಪೆಟ್ಟಿಗೆ ಬಿಚ್ಚಿದಾಗ ದುರ್ಬೀನು ಬಂತು. ಅಪ್ಪ ತೊಗರಿ, ಜೋಳದ ವ್ಯಾಪಾರಿ. ಯಾವ ಮಾಲನ್ನಾದರೂ ಒಮ್ಮೆ ಕೈಯಲ್ಲಿ ತೂಗಿ ನೋಡುವ ಅಭ್ಯಾಸ. ತೂಗಿ ನೋಡಿ, ಇದು ಯಾತಕ್ಕೆ ಎಂದು ಕೇಳಿದ. ದೂರದ್ದನ್ನು ನೋಡಲಿಕ್ಕೆ ಎಂದೆ.

"ಹತ್ತರದ್ದೆಲ್ಲಾ ನೋಡಿ ಮುಗೀತೇನು?" ಅಂದ ಅಪ್ಪ.



ಹತ್ತಿರದ್ದು ಎಂದರೆ ನಮ್ಮ ಉದ್ಯಾನ. ಹೆದ್ದಾರಿಯ ಲಾರಿಗಳ ಸದ್ದು ಕೇಳುವಷ್ಟು ಹತ್ತಿರ, ಹೊಗೆ ಮುಟ್ಟದಷ್ಟು ದೂರ. ಬಣ್ಣ ಹೋದ ಸಿಮೆಂಟಿನ ಜಿಂಕೆ, ಒಂದು ಕಿವಿ ಇಲ್ಲದ ಮೊಲ, ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಜೀಕುವ ಕಸರತ್ತಿನ ಕಬ್ಬಿಣಗಳು. ನಡುವೆ ನಗುವ ಸಂಘದವರು ವೃತ್ತವಾಗಿ ನಿಂತು, ಕೈ ಮೇಲೆತ್ತಿ, ಕಾರಣವಿಲ್ಲದೆ ನಗುತ್ತಾರೆ. ಸುತ್ತಲೂ ಕಾಲುದಾರಿ. ಅದರ ಮೇಲೆ ಸೀರೆಯ ಕೆಳಗೆ ಬೂಟು ಹಾಕಿಕೊಂಡ ಹೆಂಗಸರು ಗುಂಪುಗುಂಪಾಗಿ ಸುತ್ತುತ್ತಾರೆ.

ಇಲ್ಲಿ ಎಲ್ಲೂ ಬರೆಯದ ಒಂದು ನಿಯಮವಿದೆ. ನೀವು ನಮ್ಮ ಕಡೆಯವರಾದರೆ ಹೇಳಬೇಕಿಲ್ಲ. ಹೆಂಗಸು ನಡೆಯಬಹುದು, ಅದು ಆರೋಗ್ಯಕ್ಕೆ. ಬೆಂಚಿನ ಮೇಲೆ ಇನ್ನೊಬ್ಬಳ ಜೊತೆ ಕೂರಬಹುದು, ಅದು ಮಾತಿಗೆ. ಆದರೆ ಒಬ್ಬಳೇ ಒಂದು ಕಡೆ ನಿಂತರೆ, ಅದು ಯಾತಕ್ಕೆ? ಅದಕ್ಕೆ ಉತ್ತರವಿಲ್ಲ. ಉತ್ತರವಿಲ್ಲದ ಕಡೆ ಊರು ತಾನೇ ಒಂದು ಉತ್ತರ ಹಾಕಿಕೊಳ್ಳುತ್ತದೆ. ಗಣಿತದಲ್ಲಿ ಇದಕ್ಕೆ ಊಹೆ ಅನ್ನುತ್ತೇವೆ, ಊರಲ್ಲಿ ಸುದ್ದಿ ಅನ್ನುತ್ತಾರೆ. ಹಕ್ಕಿ ನೋಡುವ ಕೆಲಸದ ತೊಂದರೆ ಇರುವುದೇ ಇಲ್ಲಿ. ಅದನ್ನು ನಡೆಯುತ್ತ ಮಾಡಲು ಬರುವುದಿಲ್ಲ.

ನಾನು ನಿಲ್ಲುತ್ತಿದ್ದುದು ಬೂರುಗದ ಮರದ ಎದುರು. ಮರಾಠಿಯಲ್ಲಿ ಅದನ್ನು ಸಾವರ ಅನ್ನುತ್ತಾರೆ. ಚಳಿ ಇಳಿಯುವ ಹೊತ್ತಿಗೆ ಅದು ಎಲೆಯನ್ನೆಲ್ಲ ಉದುರಿಸಿ, ಸಾಲದ್ದಕ್ಕೆ ಮೈತುಂಬ ಮುಳ್ಳನ್ನೂ ಇಟ್ಟುಕೊಂಡು, ಇನ್ನು ಇದರ ಕತೆ ಮುಗಿಯಿತು ಅನ್ನುವಂತೆ ನಿಲ್ಲುತ್ತದೆ. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಎಲೆಯ ಗೊಡವೆಯೇ ಇಲ್ಲದೆ ಬರೀ ಹೂ. ಅಂಗೈಯಷ್ಟು ದಪ್ಪನೆಯ, ಕೆಂಪನೆಯ ಹೂ. ಉದುರಿದರೆ ಎಲೆಯ ಹಾಗೆ ತೇಲಿ ಬರುವುದಿಲ್ಲ, ಧಪ್ ಎಂದು ಬೀಳುತ್ತದೆ. ನಗುವ ಸಂಘದ ಹಿರಿಯರೊಬ್ಬರ ನೆತ್ತಿಯ ಮೇಲೆ ಒಂದು ಸಲ ಬಿತ್ತು. ಆವತ್ತು ಮಾತ್ರ ಆ ವೃತ್ತದಲ್ಲಿ ಉಳಿದವರೆಲ್ಲ ಕಾರಣವಿದ್ದು ನಕ್ಕರು.

ನನ್ನ ಮೊದಲ ಬೂರುಗ ಇದಲ್ಲ. ಅವ್ವನ ತವರೂರು ದಾಳಿಂಬದಲ್ಲಿ, ಬಾವಿಯ ದಂಡೆಗೆ ಒಂದಿತ್ತು. ಅದರ ಕಾಯಿ ಒಡೆಯುವ ಮುನ್ನವೇ ಕೆಡವಿ, ಹತ್ತಿ ಹಾರದಂತೆ ಹಳೆಯ ಸೀರೆ ಮುಚ್ಚಿ ಒಣಗಿಸಿ, ಆಯಿ ದಿಂಬು ಮಾಡುತ್ತಿದ್ದಳು. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. ಗೋಡೆಯಾಚೆಯ ಮರಾಠಿ ಮನೆಯಲ್ಲಿ ಅದೇ ಮಾತು ತಾಯಿಗೆ. ಹೀಗಾಗಿ ಅಂಗಳದಲ್ಲಿ ನಿಂತು ಯಾರೋ "ಆಯೀ" ಎಂದು ಕೂಗಿದರೆ ಎರಡು ವಯಸ್ಸಿನ ಹೆಂಗಸರು ಹೊರಗೆ ಬರುತ್ತಿದ್ದರು. ಆ ದಿಂಬಿನಲ್ಲಿ ಎಲ್ಲೋ ಒಂದೊಂದು ಬೀಜ ಉಳಿದುಬಿಡುತ್ತಿತ್ತು. ಮಲಗಿದರೆ ಕಿವಿಗೆ ಸಣ್ಣಗೆ ಒತ್ತುತ್ತಿತ್ತು. ದಿಂಬಿನೊಳಗೆ ಹಕ್ಕಿ ಇದೆ, ಅದು ಕುಕ್ಕುತ್ತಿದೆ ಎಂದು ನಾನು ನಂಬಿದ್ದೆ. ಅದಕ್ಕೆ ಉಸಿರು ಕಟ್ಟಬಾರದೆಂದು ತಲೆಯನ್ನು ಸ್ವಲ್ಪ ಎತ್ತಿಯೇ ಮಲಗುತ್ತಿದ್ದೆ. ಕತ್ತು ನೋವು ನನಗೆ ಆಗಿನಿಂದಲೂ ಇದೆ. ಈಗ ಅದಕ್ಕೆ ದುರ್ಬೀನು ಕಾರಣ ಎಂದು ಅವ್ವ ಹೇಳುತ್ತಾಳೆ.

ಬೂರುಗ ಹೂ ಬಿಟ್ಟ ಮೇಲೆ ಅದು ಮರವಲ್ಲ, ಬಸ್‌ಸ್ಟ್ಯಾಂಡು. ಕಾಗೆಗಳು ಹೂವನ್ನು ಲೋಟದಂತೆ ಬಗ್ಗಿಸಿ ಕುಡಿಯುತ್ತವೆ. ಗೊರವಂಕಗಳು ಕುಡಿಯುವುದಕ್ಕಿಂತ ಹೆಚ್ಚು ಜಗಳವಾಡುತ್ತವೆ. ಸೂರಕ್ಕಿ ಹೂವಿಗಿಂತ ಚಿಕ್ಕದು. ಹರವಿಯಲ್ಲಿ ನೀರು ತಳ ಕಂಡಾಗ ಮಕ್ಕಳು ಬಗ್ಗುವ ಹಾಗೆ ತಲೆ ಕೆಳಗೆ ಮಾಡಿ ಒಳಗೇ ಇಳಿಯುತ್ತದೆ. ಇವೆಲ್ಲದರ ಮೇಲೆ ಒಮ್ಮೆಲೇ ಭೋರಡಿಗಳ ಹಿಂಡು ಬಂದು ಎರಗಿದರೆ ಮುಗಿಯಿತು. ಗುಲಾಬಿ ಮೈ, ಕರಿ ತಲೆ, ಕರಿ ರೆಕ್ಕೆ. ಎಲ್ಲವೂ ಒಟ್ಟಿಗೇ ಮಾತಾಡುತ್ತವೆ, ಯಾವುದೂ ಕೇಳುವುದಿಲ್ಲ.

ಆದರೆ ನಾನು ಕಾಯುತ್ತಿದ್ದುದು ಇವುಗಳಲ್ಲಿ ಯಾವುದಕ್ಕೂ ಅಲ್ಲ. ನನ್ನದು ಕಂಚುಗಾರ ಹಕ್ಕಿ. ಊರವರ ಬಾಯಲ್ಲಿ ತಾಂಬಟ. ಮೊದಲು ಕೇಳಿದ್ದು ಅದರ ಸದ್ದು: ಟುಂಕ್, ಟುಂಕ್, ಟುಂಕ್, ಹಿತ್ತಾಳೆಯ ಕೊಡಕ್ಕೆ ಸಣ್ಣ ಸುತ್ತಿಗೆಯಿಂದ ಬಡಿಯುವ ಹಾಗೆ, ಒಂದಿಷ್ಟೂ ಲಯ ತಪ್ಪದೆ. ತುರೋರಿ ಕಡೆಯ ರಸ್ತೆಯ ಯಾವುದೋ ಗ್ಯಾರೇಜಿನ ಸದ್ದು ಎಂದು ಬಹಳ ದಿನ ತಿಳಿದಿದ್ದೆ. ಗ್ಯಾರೇಜಿಗೆ ಭಾನುವಾರವೂ ರಜೆ ಇಲ್ಲವಲ್ಲ ಎಂದು ಅನುಮಾನ ಬಂದು ಹುಡುಕತೊಡಗಿದೆ. ಸದ್ದು ಒಮ್ಮೆ ಎಡದಿಂದ ಬರುತ್ತಿತ್ತು, ಒಮ್ಮೆ ಬಲದಿಂದ. ಹಕ್ಕಿ ಕೂತಲ್ಲೇ ಕೂತು ಬರೀ ತಲೆ ತಿರುಗಿಸುತ್ತಿತ್ತು ಎಂದು ತಿಳಿದದ್ದು ಆಮೇಲೆ. ಗುಬ್ಬಿಗಿಂತ ಕೊಂಚ ದೊಡ್ಡದು, ಹಸಿರು ಮೈ, ಹಳದಿ ಗಂಟಲು. ಹಣೆಯ ಮೇಲೆ, ಈಗಷ್ಟೇ ಪೂಜೆ ಮುಗಿಸಿ ಎದ್ದ ಹಾಗೆ, ಒಂದು ಕೆಂಪು ಬೊಟ್ಟು.

ಬೂರುಗದ ಒಂದು ಟೊಂಗೆ ಒಣಗಿತ್ತು. ಅದರ ಅಡಿಯ ಬದಿಗೆ, ಮಳೆ ಬಿದ್ದರೂ ನೀರು ಒಳಗೆ ಹೋಗದಂತೆ, ಜೋಡಿ ತಾಂಬಟಗಳು ತೂತು ಕೊರೆಯುತ್ತಿದ್ದವು. ಕೈವಾರದಿಂದ ಎಳೆದ ಹಾಗೆ ದುಂಡಗಿನ ತೂತು. ಕಪ್ಪು ಹಲಗೆಯ ಮೇಲೆ ನಾನು ಬರಿಗೈಯಿಂದ ಎಳೆಯುವ ವೃತ್ತ ಎಂದೂ ಅಷ್ಟು ಚೆಂದ ಬಂದಿಲ್ಲ. ಮಕ್ಕಳು ಅದಕ್ಕೆ ರೊಟ್ಟಿ ಅನ್ನುತ್ತಾರೆ. ಒಂದು ಒಳಗೆ ಹೋಗಿ ಕೊರೆದು, ಬಾಯ್ತುಂಬ ಮರದ ಪುಡಿ ತಂದು ಹೊರಗೆ ಚೆಲ್ಲುತ್ತಿತ್ತು. ಅದು ದಣಿದರೆ ಇನ್ನೊಂದು. ಹೂವೆಲ್ಲ ಉದುರಿ, ಹಸಿರು ಕಾಯಿ ಕಾಣಿಸುವ ಹೊತ್ತಿಗೆ ಅವು ಆಲದ ಹಣ್ಣು ಹೊತ್ತು ತರತೊಡಗಿದವು. ಒಳಗೆ ಯಾರೋ ಇದ್ದಾರೆ ಎಂದಾಯಿತು. ಕೆಲವು ದಿನಗಳಲ್ಲಿ ಆ ಯಾರೋ ತೂತಿನಿಂದ ತಲೆ ಹೊರಗಿಟ್ಟು ಉದ್ಯಾನವನ್ನು ನೋಡಿದರು. ಹಣೆಯ ಮೇಲೆ ಇನ್ನೂ ಕೆಂಪು ಬೊಟ್ಟು ಮೂಡಿರಲಿಲ್ಲ.

ಆ ತೂತು ಸರಿಯಾಗಿ ಕಾಣುವ ಜಾಗ ಇಡೀ ಉದ್ಯಾನದಲ್ಲಿ ಒಂದೇ. ಆ ಜಾಗದಲ್ಲಿ ನಿಂತು ದುರ್ಬೀನು ಎತ್ತಿದರೆ ಮುಂದೆ ಟೊಂಗೆ, ಟೊಂಗೆಯ ಹಿಂದೆ ಗೋಡೆಯಾಚೆಯ ಒಂದು ಮನೆಯ ಮಾಳಿಗೆ. ಮಾಳಿಗೆ ಅಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆಕಾಶ ಇದೆ ಎಂದು ಗೊತ್ತಿರುವ ಹಾಗೆ ಗೊತ್ತಿತ್ತು. ದುರ್ಬೀನು ಹಕ್ಕಿಯ ಮೇಲೆ ಕೂತರೆ ಹಿಂದಿನದೆಲ್ಲ ಒರೆಸಿಹೋದ ರಂಗೋಲಿ. ಒಮ್ಮೆ ಮಾತ್ರ ಆ ರಂಗೋಲಿಯಲ್ಲಿ ಏನೋ ಕೆಂಪು ಬಟ್ಟೆ ಅತ್ತಿಂದಿತ್ತ ಓಡಾಡಿ, ಹಕ್ಕಿಯ ಹಣೆಯ ಕೆಂಪು ಸರಿಯಾಗಿ ಕಾಣಿಸಲಿಲ್ಲ. ಯಾರಪ್ಪಾ ಇಷ್ಟು ಬೆಳಗ್ಗೆ ಹಾಸಿಗೆ ಒಣಹಾಕುವವರು ಎಂದು ಬೇಸರಪಟ್ಟುಕೊಂಡೆ.

ಅವ್ವನಿಗೆ ನಾನು ಸುಳ್ಳೇನೂ ಹೇಳಿರಲಿಲ್ಲ. ಹಕ್ಕಿ ನೋಡಲು ಹೋಗುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. ಅವಳು ನಂಬಲಿಲ್ಲ. ನಂಬದಿರಲು ಅವಳಿಗೆ ಕಾರಣವಿತ್ತು.

"ಹಕ್ಕಿ ನೋಡ್ಲಿಕ್ಕ ಯಾರರೆ ಹೋಗತಾರೇನು?" ಅಂದಿದ್ದಳು. "ಹಕ್ಕಿ ಹೊಡಿಲಿಕ್ಕ ಹೋಗತಾರ."

ದಾಳಿಂಬದ ಹೊಲದಲ್ಲಿ ಜೋಳ ಹಾಲುಗಾಳಾದಾಗ, ನಡುವೆ ಅಟ್ಟಣಿಗೆ ಕಟ್ಟಿ, ಆಗಿನ್ನೂ ಹುಡುಗಿಯಾಗಿದ್ದ ಅವ್ವನನ್ನು ಅದರ ಮೇಲೆ ಹತ್ತಿಸುತ್ತಿದ್ದರಂತೆ. ಕೈಯಲ್ಲಿ ಕವಣಿ. ಬೆಳಗಿನಿಂದ ಬಿಸಿಲೇರುವ ತನಕ ಕೂಗು. ಹಕ್ಕಿಗಳ ವಿಷಯ ಅವಳಿಗೆ ನನಗಿಂತ ಕಡಿಮೆ ಗೊತ್ತಿರಲಿಲ್ಲ, ಆದರೆ ಗೊತ್ತಿದ್ದ ಬಗೆ ಬೇರೆ. ಗುಬ್ಬಿ ಚಿಲ್ಲರೆ ಕಳ್ಳ. ಗಿಳಿ ತೆನೆಯನ್ನೇ ಕಡಿದುಕೊಂಡು ಹೋಗುವ ಸೊಕ್ಕಿನ ಕಳ್ಳ. ಭೋರಡಿ ಎಂದರೆ ದರೋಡೆ. ಅಂಥವರ ಮನೆಯ ಹುಡುಗಿ ದುಡ್ಡು ಕೊಟ್ಟು ದುರ್ಬೀನು ತಂದು, ಕಳ್ಳರ ಹಣೆಯ ಮೇಲಿನ ಬೊಟ್ಟು ನೋಡುತ್ತಾಳೆ ಎಂದರೆ ಯಾವ ತಾಯಿ ನಂಬಬೇಕು?

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಆ ವರ್ಷ ನನ್ನನ್ನು ನೋಡಲು ಜನ ಬರುತ್ತಿದ್ದರು. ನೋಡುವವರು ಬಂದಾಗ ಅವಲಕ್ಕಿಯ ತಟ್ಟೆ ಹಿಡಿದು ನಿಲ್ಲುವವಳಿಗೆ ಒಂದು ಅನುಕೂಲ ಇದೆ: ಅವಳೂ ನೋಡಬಹುದು, ಅದನ್ನು ಯಾರೂ ಗಮನಿಸುವುದಿಲ್ಲ. ನಿಲಂಗಾದಿಂದ ಬಂದಿದ್ದ ವರ ಇಡೀ ಹೊತ್ತು ನಮ್ಮ ಮನೆಯ ಫ್ಯಾನನ್ನೇ ನೋಡಿದ. ಅವನ ಅಕ್ಕ ಮಾತ್ರ ನನ್ನ ನಡಿಗೆ ನೋಡಲೆಂದು ನೀರು ತರಿಸಿದರು, ಕುಡಿಯದೆ ಕೆಳಗಿಟ್ಟು, ಮತ್ತೆ ತರಿಸಿದರು. ಉದಗೀರದವರ ಜೊತೆ ಬಂದಿದ್ದ ಹಿರಿಯರು, ಗಣಿತದವಳೆಂದು ತಿಳಿದು, ಹತ್ತೊಂಬತ್ತರ ಮಗ್ಗಿ ಹೇಳಿಸಿದರು. ಹೇಳಿದೆ. ಸರಿಯೋ ತಪ್ಪೋ ತಿಳಿಯದೆ ಅವರು ವರನ ಮುಖ ನೋಡಿದರು. ವರ ಅವಲಕ್ಕಿಯ ಮುಖ ನೋಡಿದ. ಎರಡೂ ಕಡೆಯಿಂದ ಬಂದ ಉತ್ತರ ಒಂದೇ: ಹುಡುಗಿ ಚಲೋ ಇದ್ದಾಳೆ, ಮಾತು ಕಡಿಮೆ.

ಹೀಗೆ ನೋಡಿಸಿಕೊಂಡು ಬೇಸತ್ತವಳಿಗೆ, ಬೆಳಗಿನ ಆ ಅರ್ಧ ತಾಸು ಯಾರೂ ನನ್ನನ್ನು ನೋಡದ ಹೊತ್ತು ಅನ್ನಿಸಿತ್ತು. ಎಂಥ ತಿಳುವಳಿಕೆ ನೋಡಿ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ಮನೆಯಲ್ಲಿ ಶಕುಂತಲಾ ಕಾಕು ಕೂತಿದ್ದರು. ಬಟ್ಟೆ ಅಂಗಡಿಯವರ ಮನೆಯವರು. ಮಠದ ಕಾರ್ಯಕ್ರಮಗಳಲ್ಲಿ ಅವ್ವನಿಗೆ ಪರಿಚಯ. ಉದ್ಯಾನದ ಗೋಡೆಯಾಚೆಯ ಮನೆ ಅವರದು ಎಂಬುದು ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಗೋಧಿಯ ಹಾಲು ಕಾಸಿ, ಒತ್ತಿ, ಬಿಸಿಲಿಗಿಟ್ಟು ಮಾಡಿದ ಕುರಡಗಿಯ ಡಬ್ಬಿ ಅವರ ಮುಂದಿತ್ತು. ನಾನು ನಮಸ್ಕಾರ ಮಾಡಿ ಒಳಗೆ ಹೋದೆ. ಅಡುಗೆಮನೆಯ ಗೋಡೆ ತೆಳುವಾಗಿದೆ.

"ನಿಮ್ಮ ಹುಡುಗಿ ದಿನಾ ಮುಂಜಾನೆ ನಮ್ಮ ಮಾಳಗಿ ಕಡಿ ದುರ್ಬೀನ ಹಚ್ಚಿ ನೋಡ್ಲಿಕತ್ಯಾಳರಿ," ಎಂದು ಕಾಕು ಹೇಳುತ್ತಿದ್ದರು. "ನಾವೇನು ತಪ್ಪು ತಿಳಕೊಂಡಿಲ್ಲ. ಬರೇ ಕಣ್ಲೆ ನೋಡಿದ್ದರ ಬ್ಯಾರೆ ಮಾತು. ದುರ್ಬೀನ ಹಚ್ಚಿ ನೋಡ್ಯಾಳ ಅಂದ್ರ ಆಕಿ ಮನಸ್ಸು ಗಟ್ಟಿ ಅದ."

ಅವ್ವ ಕುರಡಗಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ ಸದ್ದು ಕೇಳಿಸಿತು.

"ಹಮೇಶಾ ನಾವು ಗಂಡಿನವರು ಹೋಗಿ ಹೆಣ್ಣು ನೋಡೋದು. ನಮ್ಮ ಹುಡುಗನ್ನೂ ಯಾರೋ ನೋಡ್ಲಿಕತ್ಯಾರ ಅಂದ್ರ, ನನಗಂತೂ ಖುಷಿನೇ ಆಯ್ತರಿ. ಮೊದಲ ಅಂವಾ ಬನೀನ್ ಮ್ಯಾಲೇ ಕಸರತ್ ಮಾಡ್ತಿದ್ದ. ಈಗ ಇಸ್ತ್ರಿ ಅಂಗಿ ಹಾಕ್ಕೊಂಡು ಕಸರತ್ ಮಾಡ್ಲಿಕತ್ಯಾನ. ಕೆಂಪಂದು ಹೊಸಾದು ತಂದಾನ."

ಒಣಹಾಕಿದ ಹಾಸಿಗೆಯ ಸಮಸ್ಯೆ ಬಿಡಿಸಿದಂತಾಯಿತು. ಗಣಿತದಲ್ಲಿ ಉತ್ತರ ಸಿಕ್ಕಾಗ ಆಗುವ ಸಂತೋಷ ಮಾತ್ರ ಆಗಲಿಲ್ಲ. ಬಾಗಿಲಿಗೆ ಹೋಗಿ, ನಾನು ನೋಡಿದ್ದು ನಿಮ್ಮ ಮಗನನ್ನಲ್ಲ ಎಂದು ಹೇಳಬಹುದಿತ್ತು. ಆದರೆ ಆ ವಾಕ್ಯವನ್ನು ಒಬ್ಬ ತಾಯಿಗೆ ಯಾವ ದನಿಯಲ್ಲಿ ಹೇಳುವುದು? ಮಾತು ಕಡಿಮೆಯ ಹುಡುಗಿ ನೀರಿನ ಹರವಿಯ ಮುಚ್ಚಳವನ್ನು ತೆಗೆದು ಮುಚ್ಚುತ್ತ ನಿಂತಳು.

ಕಾಕು ಹೋದ ಮೇಲೆ ಅವ್ವ ಕುರಡಗಿಯ ಡಬ್ಬಿಯನ್ನು ತೆರೆಯದೆ ಎದುರಿಗಿಟ್ಟುಕೊಂಡು ವಿಚಾರಣೆಗೆ ಕೂತಳು.

"ಖರೆ ಹೇಳು. ಏನ್ ನೋಡ್ತಿದ್ದಿ?"

"ಹಕ್ಕಿ."

"ಯಾ ಹಕ್ಕಿ?"

"ತಾಂಬಟ."

"ತಾಂಬಟ ಜೋಳಾ ತಿಂತದೇನು?"

"ಇಲ್ಲ."

"ಮತ್ತ ಅದರ ಸುದ್ದಿ ನಮಗ್ಯಾಕ?"

ಇಷ್ಟು ನೇರವಾದ ತರ್ಕವನ್ನು ನಾನು ವಿಶ್ವವಿದ್ಯಾಲಯದಲ್ಲೂ ಕೇಳಿರಲಿಲ್ಲ. ಕೊನೆಗೆ ಅವ್ವ ತೀರ್ಪು ಕೊಟ್ಟಳು. ಉಗಾದಿಯ ಮೊದಲು ಕಾಕುವಿನ ಮನೆಯವರನ್ನು ಕರೆದು ಮಾತಾಡುವುದು. ಅದು ಬೇಡವಾದರೆ ಉದ್ಯಾನ ಬಿಡುವುದು. ನಡೆಯಬೇಕಾದರೆ ಮನೆಯ ಮಾಳಿಗೆಯ ಮೇಲೆ ನಡೆ, ನಮ್ಮ ಮಾಳಿಗೆಗೆ ಏನಾಗಿದೆ ಎಂದಳು.

ನನಗೆ ಎರಡೂ ಕಷ್ಟವಾಗಿತ್ತು. ನೋಡದೆ ಇದ್ದ ಮನುಷ್ಯನನ್ನು ನೋಡಿದ್ದೇನೆ ಎಂಬ ಕಾರಣಕ್ಕೆ ಒಪ್ಪುವುದು ಹೇಗೆ? ಉದ್ಯಾನ ಬಿಟ್ಟರೆ, ಸಿಕ್ಕಿಬಿದ್ದಳು, ಅದಕ್ಕೇ ಬರುವುದಿಲ್ಲ ಎಂದಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಕಾಡಿದ್ದು, ಹೇಳಿದರೆ ನಗಬೇಡಿ, ಆ ಮರಿ. ಮೊದಲ ಮರದ ಪುಡಿ ಹೊರಗೆ ಬಿದ್ದ ದಿನದಿಂದ ನೋಡುತ್ತ ಬಂದಿದ್ದೆ. ಈಗ ಅದು ತೂತಿನಿಂದ ಅರ್ಧ ಮೈ ಹೊರಗಿಟ್ಟು ರೆಕ್ಕೆ ಬಡಿಯುತ್ತಿತ್ತು. ಇವತ್ತೋ ನಾಳೆಯೋ ಹಾರುವುದಿತ್ತು. ಅದು ಹಾರುವ ಬೆಳಗ್ಗೆ ನಾನು ನಮ್ಮ ಮಾಳಿಗೆಯ ಮೇಲೆ ನೀರಿನ ಟಾಕಿಯನ್ನು ಸುತ್ತುತ್ತಿರಬೇಕೇ?

ಸಂಜೆ ಅಪ್ಪ ಅಂಗಡಿಯಿಂದ ಬಂದ. ಅವ್ವ ಎಲ್ಲವನ್ನೂ ಹೇಳಿದಳು. ಅಪ್ಪ ಕುರಡಗಿಯ ಡಬ್ಬಿ ತೆರೆದು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಅವನ ವ್ಯಾಪಾರದಲ್ಲಿ ಚೀಲದ ಹೊರಗಿನಿಂದ ಯಾರೂ ಬೆಲೆ ಹೇಳುವುದಿಲ್ಲ. ಮೊನೆಯಿರುವ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಊದಿ ನೋಡಿದ ಮೇಲೆಯೇ ಮಾತು.

"ಮಾಲು ನೋಡದ ಭಾವ ಕಟ್ಟಬ್ಯಾಡ," ಅಂದ ಅಪ್ಪ. "ನೀನೇ ಹೋಗಿ ನೋಡಿ ಬಾ. ಹಕ್ಕಿ ಇದ್ದರ ಹಕ್ಕಿ, ಹುಡುಗ ಇದ್ದರ ಹುಡುಗ."

ಮರುದಿನ ಅವ್ವ ಹೊರಟಳು. ಇಳಕಲ್ ಸೀರೆ ಉಟ್ಟಿದ್ದಳು. ಉದ್ಯಾನಕ್ಕೆ ಇಷ್ಟು ಯಾಕೆ ಎಂದು ನಾನು ಕೇಳಲಿಲ್ಲ. ಮಾಳಿಗೆಯ ಮೇಲಿಂದ ಕಾಣುವುದಕ್ಕೆ ಎಂದು ಇಬ್ಬರಿಗೂ ಗೊತ್ತಿತ್ತು. ದಾರಿಯ ಉದ್ದಕ್ಕೂ ಮರಗಳನ್ನು ಅವಳು ನೋಡಿದ ರೀತಿಯೇ ಬೇರೆ. ಬೇವು ನೋಡಿ, ಉಗಾದಿಗೆ ಹೂ ಸಾಲುತ್ತದೆ ಎಂದಳು. ಹೊಂಗೆ ನೋಡಿ, ಇದರ ಎಣ್ಣೆ ತುರಿಕೆಗೆ ಒಳ್ಳೆಯದು ಎಂದಳು. ಬಸವನಪಾದದ ನೇರಳೆ ಹೂಗಳನ್ನು ಕಂಡು, ದಿನಾ ಬರುತ್ತಿದ್ದವಳು ಪೂಜೆಗೆ ನಾಲ್ಕು ತರಬಾರದಿತ್ತೇ ಎಂದಳು. ಯಾವ ಮರವೂ ಅವಳ ಎದುರು ಸುಮ್ಮನೆ ನಿಂತಿರಲಿಲ್ಲ. ಪ್ರತಿಯೊಂದಕ್ಕೂ ಏನೋ ಕೆಲಸವಿತ್ತು.

ನನ್ನ ಜಾಗಕ್ಕೆ ಬಂದು ನಿಂತೆವು. ನಾನು ಟೊಂಗೆ ತೋರಿಸಿದೆ. ಅವ್ವ ಟೊಂಗೆಯನ್ನು ದಾಟಿ ಬರಿಗಣ್ಣಿನಿಂದಲೇ ಮಾಳಿಗೆಯನ್ನು ನೋಡಿದಳು. ಅಲ್ಲಿ ಶಕುಂತಲಾ ಕಾಕು ಕುರಡಗಿ ಹರಡುತ್ತಿದ್ದರು. ಅಂಚಿನಲ್ಲಿ ಕೆಂಪು ಅಂಗಿಯ ಮಗ ಕೈ ಚಾಚಿ ಮಡಚುತ್ತಿದ್ದ.

"ಭಾಳ ಒತ್ತೊತ್ತಾಗಿ ಹಾಕ್ಯಾಳ. ಒಣಗೂದಿಲ್ಲ," ಅಂದಳು ಅವ್ವ.

ದುರ್ಬೀನು ಕೊಟ್ಟರೆ, ಅದೆಲ್ಲಾ ನನಗ್ಯಾಕ ಎಂದು ಕೈ ಹಿಂದೆ ಕಟ್ಟಿಕೊಂಡಳು. ಹೋಗಿ ಬರುವ ಹೆಂಗಸರು ನಮ್ಮನ್ನು ನೋಡಿ, ಮುಂದೆ ಹೋಗಿ, ಒಮ್ಮೆ ಹೊರಳಿ ನೋಡುತ್ತಿದ್ದರು. ಒಬ್ಬಳೇ ನಿಂತರೆ ಒಂದು ಸುದ್ದಿ, ತಾಯಿಯನ್ನೂ ತಂದು ನಿಲ್ಲಿಸಿದರೆ ಏನು ಸುದ್ದಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಆಗ ಮರಿ ಹೊರಗೆ ಬಂತು. ತೂತಿನ ಅಂಚಿನಲ್ಲಿ ಹೊತ್ತು ಹಾಕಿ, ಒಳಗೆ ಹೋಗುವಂತೆ ಮಾಡಿ, ಇದ್ದಕ್ಕಿದ್ದಂತೆ ಟೊಂಗೆಯ ಮೇಲೆ ಕೂತಿತ್ತು. ಹಾರಿತೋ ಜಾರಿತೋ ನನಗೆ ತಿಳಿಯಲಿಲ್ಲ. ಮೈಯೆಲ್ಲ ಉಬ್ಬಿಸಿಕೊಂಡು, ಎಲೆಯಿಲ್ಲದ ಟೊಂಗೆಯ ಮೇಲೆ ಎಲ್ಲರಿಗೂ ಕಾಣುವಂತೆ. ಹಾಗೆ ಕೂರಬಾರದು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಬೇವಿನ ತುದಿಯಲ್ಲಿದ್ದ ಕಾಗೆ ಕತ್ತು ಓರೆ ಮಾಡಿ ನೋಡಿತು, ಇಳಿದು ಅದೇ ಟೊಂಗೆಯ ಬುಡಕ್ಕೆ ಬಂದು ಕೂತಿತು, ಒಂದೊಂದೇ ಹೆಜ್ಜೆ ಪಕ್ಕಕ್ಕೆ ಸರಿಯತೊಡಗಿತು. ತಾಯಿ ತಂದೆ ಹಕ್ಕಿಗಳು ಸುತ್ತ ಹಾರಿದವು. ಅವು ಎಷ್ಟು ಸಣ್ಣವು ಎಂದು ನನಗೆ ಕಂಡದ್ದು ಆವತ್ತೇ.

ಕೂಗಬೇಕು ಎಂದು ನನಗೂ ಅನ್ನಿಸಿತು. ಆದರೆ ಉದ್ಯಾನದ ತುಂಬ ಜನ. ನನ್ನ ಗಂಟಲಿನಿಂದ "ಶೂ" ಎಂಬ ಶಬ್ದ, ತರಗತಿಯಲ್ಲಿ ಮಕ್ಕಳನ್ನು ಸುಮ್ಮನಾಗಿಸುವ ಹಾಗೆ, ಬಂತು. ಕಾಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನನ್ನ ಹೆಗಲ ಮೇಲಿನ ಓಢಣಿ ಸರ್ರನೆ ಎಳೆದುಹೋಯಿತು. ಹೊರಳಿ ನೋಡುವಷ್ಟರಲ್ಲಿ ಅವ್ವ ಅದನ್ನು ಎರಡು ಮಡಿಕೆ ಮಾಡಿ, ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು, ತಲೆಯ ಮೇಲೆ ಗರಗರ ತಿರುಗಿಸುತ್ತಿದ್ದಳು. ಕಲ್ಲಿಲ್ಲದ ಕವಣಿ. ಒಂದು ತುದಿ ಬಿಟ್ಟಾಗ ಅದು ಗಾಳಿಗೆ ಚಟ್ಟೆಂದು ಸಿಡಿಯಿತು. ಅದರ ಜೊತೆಗೇ ಅವ್ವನೊಳಗಿಂದ, ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೂ ನಾನು ಎಂದೂ ಕೇಳಿರದ ಒಂದು ದನಿ ಹೊರಟಿತು.

"ಹೋ ಹೋ ಹೋ ಹೋಓಓಓ... ಹಾ..."

ಅದು ಉಮರ್ಗಾದ ಉದ್ಯಾನಕ್ಕೆ ಅಳೆದ ದನಿಯಲ್ಲ. ದಾಳಿಂಬದ ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟಬೇಕಾದ ದನಿ. ಕಾಗೆ ಹೋಯಿತು. ಬೇವಿನಲ್ಲಿದ್ದ ಗೊರವಂಕಗಳು ಹೋದವು. ಪಾರಿವಾಳಗಳು ಹೋದವು. ಸುತ್ತುತ್ತಿದ್ದ ಹೆಂಗಸರು ನಿಂತರು, ಹೌದು, ನಿಂತರು. ನಗುವ ಸಂಘದವರು ಎತ್ತಿದ ಕೈ ಎತ್ತಿದಂತೆಯೇ ಸುಮ್ಮನಾದರು. ಆ ಸಂಘ ನಗದೆ ಇದ್ದುದನ್ನು ನಾನು ಅಲ್ಲಿ ಕಂಡದ್ದು ಅದೊಂದೇ ಸಲ.

ಜನ ನೋಡುತ್ತಾರೆ ಎಂದು ಹುಟ್ಟಿದಾಗಿನಿಂದ ನನಗೆ ಹೇಳಿಕೊಟ್ಟವಳು ಅವ್ವ. ಈಗ ಇಡೀ ಉದ್ಯಾನ ನೋಡುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮರಿಯನ್ನು ನೋಡುತ್ತಿದ್ದಳು.

ಆ ಕೂಗಿಗೆ ಮರಿಯೂ ಹೆದರಿತ್ತು ಅನ್ನಿ. ಟೊಂಗೆ ಬಿಟ್ಟು, ಗಾಳಿಯಲ್ಲಿ ಏಳುತ್ತ ಬೀಳುತ್ತ, ಗೋಡೆ ದಾಟಿ, ಶಕುಂತಲಾ ಕಾಕುವಿನ ಮಾಳಿಗೆಯ ಕಟ್ಟೆಯ ಮೇಲೆ ಇಳಿಯಿತು. ನಾನು ದುರ್ಬೀನು ಎತ್ತಿದೆ. ಅಷ್ಟು ದಿನ ಒರೆಸಿಹೋದ ರಂಗೋಲಿಯಾಗಿದ್ದ ಮಾಳಿಗೆ ಮೊದಲ ಬಾರಿಗೆ ಗೆರೆಗೆರೆಯಾಗಿ ಕಂಡಿತು. ಒಂದೊಂದು ಕುರಡಗಿ, ಕಾಕುವಿನ ಕೈಯ ಹಸಿರು ಬಳೆ. ಹಕ್ಕಿ ಬಂದರೆ ಕುರಡಗಿ ಹಾಕಿದವರು ಏನು ಮಾಡುತ್ತಾರೋ ಅದನ್ನೇ ಮಾಡಲು ಕಾಕು ಕೋಲು ಎತ್ತಿಕೊಂಡು ಬರುತ್ತಿದ್ದರು. ಅವರ ಮಗ ಕಟ್ಟೆಯ ಪಕ್ಕದಲ್ಲೇ ಇದ್ದ. ಮರಿ ಅವನ ಕೈಗೆ ಸಿಗುವಷ್ಟು ಹತ್ತಿರ. ಅವನು ಅಲುಗಾಡದೆ, ಒಂದು ಅಂಗೈಯನ್ನು ಮಾತ್ರ ಹಿಂದಕ್ಕೆ ಚಾಚಿ ತಾಯಿಯನ್ನು ತಡೆದ. ಆಮೇಲೆ ಮೆಲ್ಲಗೆ ಮೊಣಕಾಲೂರಿ ಕೂತು, ಮರಿಯ ಎತ್ತರಕ್ಕೆ ಮುಖ ತಂದು ನೋಡತೊಡಗಿದ. ಉದ್ಯಾನದಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು ಅವನಿಗೆ ಮರೆತೇಹೋಗಿತ್ತು.

ಎಷ್ಟು ಹೊತ್ತು ನೋಡಿದೆನೋ. ಪಟ್ಟಿ ಕತ್ತಿಗೆ ಬಿಗಿದಾಗ ಎಚ್ಚರವಾಯಿತು. ಅವ್ವ ದುರ್ಬೀನನ್ನು ತನ್ನ ಕಡೆ ಎಳೆಯುತ್ತಿದ್ದಳು. ನಾನು ತಲೆ ತಗ್ಗಿಸಿ ಪಟ್ಟಿ ಬಿಡಿಸಿ ಅವಳ ಕೊರಳಿಗೆ ಹಾಕಿದೆ. ನೋಟ ಸ್ಪಷ್ಟವಾಗಲು ನಡುವಿನ ಗಾಲಿ ತಿರುಗಿಸುವುದನ್ನು ತೋರಿಸಿದೆ. ಅವಳು ಕಣ್ಣಿಗೆ ಹಚ್ಚಿ, ಒಮ್ಮೆ ತೆಗೆದು ಮಾಳಿಗೆ ಇದ್ದಲ್ಲೇ ಇದೆಯೇ ಎಂದು ಬರಿಗಣ್ಣಿನಿಂದ ಖಾತ್ರಿ ಮಾಡಿಕೊಂಡು, ಮತ್ತೆ ಹಚ್ಚಿದಳು.

ಉದ್ಯಾನ ಬಿಡುವ ಮಾತನ್ನು ಅವ್ವ ಆಮೇಲೆ ಎತ್ತಲಿಲ್ಲ. ಆ ಮನೆಯ ಮಾತು ಮುಂದೆ ಏನಾಯಿತು ಎಂದು ನೀವು ಕೇಳಬಾರದು. ದುರ್ಬೀನು ಅಡುಗೆಮನೆಗೆ ಹೋದರೂ ಅದರ ಕರಿಯ ಚೀಲ ಇನ್ನೂ ನನ್ನ ಕಪಾಟಿನಲ್ಲೇ ಇದೆ. ಒಂದೆರಡು ವಿಷಯ ಅದರಲ್ಲಿರಲಿ.

ಆ ಬೆಳಗ್ಗೆ, ಅವ್ವ ದುರ್ಬೀನು ಹಚ್ಚಿ ನಿಂತಿರುವಾಗಲೇ, ಬೂರುಗದ ಕಡೆಯಿಂದ ಟುಂಕ್ ಟುಂಕ್ ಎಂದು ಕರೆ ಬಂತು. ಮರಿ ಕಟ್ಟೆ ಬಿಟ್ಟು ಹಾರಿ, ಈ ಸಲ ಅಷ್ಟೇನೂ ಓಲಾಡದೆ, ಬೇವಿನ ಎಲೆಗಳೊಳಗೆ ಸೇರಿಕೊಂಡಿತು. ಬರಿಗಣ್ಣಿಗೇ ಕಂಡಿತು. ಅವ್ವನ ದುರ್ಬೀನು ಮಾತ್ರ ಮಾಳಿಗೆಯಿಂದ ಕದಲಲಿಲ್ಲ.

"ಅವ್ವಾ, ಅದು ಬೇವಿನಗಿಡಕ್ಕ ಹೋಯ್ತು," ಅಂದೆ.

"ಸುಮ್ನಿರು," ಅಂದಳು, ಗಾಲಿಯನ್ನು ಇಷ್ಟೇ ಇಷ್ಟು ತಿರುಗಿಸುತ್ತ. "ನಾ ಹಕ್ಕಿ ನೋಡ್ಲಿಕತ್ತೀನಿ."

ನನ್ನ ಕೈ ಖಾಲಿಯಾಗಿತ್ತು. ಹೆಂಗಸರು ಮತ್ತೆ ನಡೆಯತೊಡಗಿದ್ದರು. ಏನು ಮಾಡುವುದೆಂದು ತಿಳಿಯದೆ ನಾನೂ ಅವರ ಹಿಂದೆ ಒಂದು ಸುತ್ತು ನಡೆದೆ. ಸಿಮೆಂಟಿನ ಜಿಂಕೆ ದಾಟಿ, ಕಿವಿಯಿಲ್ಲದ ಮೊಲ ದಾಟಿ, ನಗಲು ಮತ್ತೆ ಕೈ ಎತ್ತುತ್ತಿದ್ದ ಸಂಘವನ್ನು ದಾಟಿ, ಬೂರುಗದ ಹತ್ತಿರ ಬಂದು ನೋಡಿದೆ. ಅವ್ವ ಇನ್ನೂ ಅಲ್ಲೇ ನಿಂತಿದ್ದಳು.